ಉದ್ದನೆಯ ಅಣುವನ್ನು ನಂಬಿದ ಹರ್ಮನ್ ಸ್ಟೌಡಿಂಗರ್



ಅಥಣಿ, ಕಾಗವಾಡ, ರಾಯಬಾಗ ಕಡೆ ಪ್ಲಾಸ್ಟಿಕ್ಕಿನ ಒಂದಾದರೂ ಸಾಮಾನಿಲ್ಲದ ಹೊಲವನ್ನು ಇಂದು ಹುಡುಕಿಯೇ ತೆಗೆಯಬೇಕು. ಕೃಷ್ಣಾ ನದಿಯ ನೀರನ್ನು ದೂರದ ಕಬ್ಬಿನ ಗದ್ದೆಗೆ ಮುಟ್ಟಿಸುವ ಪಿ.ವಿ.ಸಿ. ಪೈಪು, ದ್ರಾಕ್ಷಿ ಸಾಲಿನ ಬುಡದಲ್ಲಿ ಮಲಗಿರುವ ಹನಿ ನೀರಾವರಿಯ ಕರಿ ನಳಿಕೆ, ಒಣದ್ರಾಕ್ಷಿ ಶೆಡ್ಡಿನ ಬಲೆ, ಗೊಬ್ಬರದ ಚೀಲ, ದನ ಕಟ್ಟುವ ನೈಲಾನ್ ಹಗ್ಗ, ಇವೆಲ್ಲವೂ ಪಾಲಿಮರ್ ಎಂಬ ಒಂದೇ ಜಾತಿಗೆ ಸೇರಿದವು. ಆದರೆ ಈ ಜಾತಿ ಕಾರ್ಖಾನೆಯಲ್ಲೇ ಹುಟ್ಟಿತೆಂದು ತಿಳಿಯಬೇಡಿ. ನಿಮ್ಮ ಹತ್ತಿಯ ಎಳೆ, ಕಬ್ಬಿನ ಸಿಪ್ಪೆ, ಜೋಳದ ಹಿಟ್ಟು, ಅಥಣಿಯ ಕುಶಲಕರ್ಮಿಗಳು ಕೊಲ್ಹಾಪುರಿ ಚಪ್ಪಲಿಗಾಗಿ ಹದ ಮಾಡುವ ತೊಗಲು, ಇವೂ ಪಾಲಿಮರ್‌ಗಳೇ.

ಹತ್ತಿಗೂ ರಬ್ಬರಿಗೂ ಹಿಟ್ಟಿಗೂ ಒಳಗಿನ ಕಟ್ಟಡ ಒಂದೇ ಬಗೆಯದು ಎಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಂಡಿತರಾರೂ ಸುಲಭವಾಗಿ ಒಪ್ಪುತ್ತಿರಲಿಲ್ಲ. ಅದನ್ನು ಹೇಳಿ, ಹೇಳಿದ್ದಕ್ಕೆ ಸಹೋದ್ಯೋಗಿಗಳಿಂದ ಬೇಡವೆನ್ನಿಸಿಕೊಂಡು, ಆದರೂ ಮಾತು ಬಿಡದೆ ನಿಂತವರು ಜರ್ಮನಿಯ ರಸಾಯನ ವಿಜ್ಞಾನಿ ಹರ್ಮನ್ ಸ್ಟೌಡಿಂಗರ್. ಅವರ ಬಾಳಿನ ಕಥೆಯನ್ನು ಈ ವಾರ ನಿಮ್ಮ ಮುಂದಿಡುತ್ತೇವೆ.

ಸ್ಟೌಡಿಂಗರ್ ಹುಟ್ಟಿದ್ದು 1881ರ ಮಾರ್ಚ್ 23ರಂದು, ರೈನ್ ನದಿಯ ದಂಡೆಯ ವರ್ಮ್ಸ್ ಪಟ್ಟಣದಲ್ಲಿ. ತಂದೆ ಫ್ರಾಂಟ್ಸ್ ಶಾಲಾ ಶಿಕ್ಷಕರು, ತತ್ವಶಾಸ್ತ್ರದಲ್ಲಿ ಹೆಸರಾದವರು. ಹುಡುಗನಿಗೆ ಗಿಡಗಂಟಿಗಳ ಹುಚ್ಚು. ಸಸ್ಯಶಾಸ್ತ್ರ ಓದಬೇಕೆಂಬ ಹಟ. ಗಿಡವನ್ನು ಸರಿಯಾಗಿ ಅರಿಯಬೇಕಾದರೆ ಮೊದಲು ರಸಾಯನಶಾಸ್ತ್ರ ಗೊತ್ತಿರಬೇಕು ಎಂದು ತಂದೆ ಬುದ್ಧಿ ಹೇಳಿದರು. ಮಗ ಒಪ್ಪಿ ಆ ದಾರಿ ಹಿಡಿದರು, ಅಲ್ಲೇ ಉಳಿದರು. ಗಿಡದ ಮೇಲಿನ ಪ್ರೀತಿ ಮಾತ್ರ ಹೋಗಲಿಲ್ಲ. ಅವರು ಕೈಗೆತ್ತಿಕೊಂಡ ವಸ್ತುಗಳನ್ನು ನೋಡಿದರೆ ಇದು ತಿಳಿಯುತ್ತದೆ. 1903ರಲ್ಲಿ ಹಾಲೆ ವಿಶ್ವವಿದ್ಯಾಲಯದ ಡಾಕ್ಟರೇಟ್ ಪದವಿ, 1907ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಅಧ್ಯಾಪಕ ಹುದ್ದೆ, 1912ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ತಾಂತ್ರಿಕ ವಿದ್ಯಾಲಯದ ಪ್ರಾಧ್ಯಾಪಕ ಪೀಠ. ಮೂವತ್ತೊಂದನೆಯ ವಯಸ್ಸಿಗೇ ಯಾರಿಗೂ ಕಡಿಮೆಯಿಲ್ಲದ ಸ್ಥಾನ.

ಈ ಕಾಲದ ಅವರ ಒಂದು ಕೆಲಸ ರೈತರಿಗೆ ನೇರವಾಗಿ ಸಂಬಂಧಿಸಿದ್ದು. ಸೇವಂತಿಗೆಯ ಬಳಗಕ್ಕೆ ಸೇರಿದ ಪೈರೆಥ್ರಮ್ ಎಂಬ ಬಿಳಿ ಹೂವಿದೆ. ಅದನ್ನು ಒಣಗಿಸಿ ಪುಡಿ ಮಾಡಿ ಉದುರಿಸಿದರೆ ಕೀಟಗಳು ಬಿದ್ದು ಸಾಯುತ್ತವೆ. ಆ ಹೂವಿನಲ್ಲಿ ಕೀಟವನ್ನು ಕೊಲ್ಲುವ ಸತ್ವ ಯಾವುದೆಂದು ಸ್ಟೌಡಿಂಗರ್ ಮತ್ತು ಅವರ ಶಿಷ್ಯ ಲಿಯೋಪೋಲ್ಡ್ ರುಜಿಕಾ ವರ್ಷಗಟ್ಟಲೆ ಹುಡುಕಿದರು. ಸತ್ವವನ್ನು ಬೇರ್ಪಡಿಸಿ, ಅದರ ರಚನೆಯ ಬಹುಭಾಗವನ್ನು ಗುರುತಿಸಿ, 1924ರಲ್ಲಿ ಪ್ರಕಟಿಸಿದರು. ಹೂವಿನ ಸತ್ವಕ್ಕೆ ಒಂದು ಕೊರತೆ ಇತ್ತು, ಬಿಸಿಲಿಗೆ ಬೇಗ ಕೆಡುತ್ತಿತ್ತು. ಬಿಸಿಲು ತಾಳುವ ಕೃತಕ ರೂಪ ಸಿದ್ಧವಾದದ್ದು 1973ರಲ್ಲಿ, ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ. ನೀವು ಅಂಗಡಿಯಿಂದ ತರುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಡಬ್ಬಿಗಳೊಳಗಿನ ಔಷಧಿ ಆ ಹೂವಿನ ಸತ್ವದ ವಂಶಕ್ಕೇ ಸೇರಿದ್ದು. ಶಿಷ್ಯ ರುಜಿಕಾಗೆ ಬೇರೆ ಸಂಶೋಧನೆಗಾಗಿ 1939ರಲ್ಲೇ ನೊಬೆಲ್ ಬಹುಮಾನ ಬಂತು. ಗುರುವಿನ ಸರದಿಗೆ ಇನ್ನೂ ಬಹಳ ಕಾಲವಿತ್ತು.

ನಡುವೆ ಮೊದಲ ಮಹಾಯುದ್ಧ ಬಂತು. ಜರ್ಮನಿಯ ರಸಾಯನ ವಿಜ್ಞಾನಿಗಳು, ಅವರಲ್ಲೂ ಫ್ರಿಟ್ಸ್ ಹಾಬರ್, ವಿಷಾನಿಲ ತಯಾರಿಕೆಗೆ ಇಳಿದರು. ಹಾಬರ್ ಎಂದರೆ ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡಿ ಯೂರಿಯಾದಂಥ ಗೊಬ್ಬರಗಳಿಗೆ ದಾರಿ ತೆರೆದ ಅದೇ ಹಾಬರ್. ಕಾರ್ಲ್ಸ್‌ರೂಹೆಯಲ್ಲಿ ಇಬ್ಬರೂ ಜೊತೆಗೆ ಕೆಲಸ ಮಾಡಿದವರು. ಸ್ಟೌಡಿಂಗರ್ ಜ್ಯೂರಿಕ್‌ನಲ್ಲಿ ಕುಳಿತು, ಎರಡೂ ಪಕ್ಷಗಳ ಯಂತ್ರಬಲವನ್ನು ಲೆಕ್ಕ ಹಾಕಿ, ಜರ್ಮನಿ ಗೆಲ್ಲಲಾರದು, ಸಂಧಿ ಮಾಡಿಕೊಳ್ಳುವುದೇ ಮೇಲು ಎಂದು 1917ರಲ್ಲಿ ಬರೆದರು, ವಿಷಾನಿಲವನ್ನೂ ವಿರೋಧಿಸಿದರು. ಹಾಬರ್ ಇದನ್ನು ದೇಶಕ್ಕೆ ಬಗೆದ ದ್ರೋಹವೆಂದು ಕಂಡರು. ಈ ಬರಹ ಮುಂದೆ ಸ್ಟೌಡಿಂಗರರ ಕೊರಳಿಗೆ ಸುತ್ತಿಕೊಂಡಿತು.

ಇನ್ನು ಅವರ ದೊಡ್ಡ ಕೆಲಸ. ರಬ್ಬರು, ಹತ್ತಿ, ಪಿಷ್ಟ, ರೇಷ್ಮೆ ಇವು ಹೇಗೆ ಕಟ್ಟಲ್ಪಟ್ಟಿವೆ? ಆಗಿನ ಪಂಡಿತರ ಉತ್ತರ ಹೀಗಿತ್ತು: ಇವುಗಳಲ್ಲಿಯೂ ಸಣ್ಣ ಸಣ್ಣ ಅಣುಗಳೇ ಇವೆ, ಯಾವುದೋ ಸೆಳೆತಕ್ಕೆ ಸಿಕ್ಕಿ ಗುಂಪಾಗಿ ಅಂಟಿಕೊಂಡಿವೆ, ಅಷ್ಟೆ. ಕಾಳಿನ ರಾಶಿ ಇದ್ದ ಹಾಗೆ. ಸ್ಟೌಡಿಂಗರ್ 1920ರಲ್ಲಿ ಇದನ್ನು ಅಲ್ಲಗಳೆದರು. ರಾಶಿಯಲ್ಲ, ಸರಪಳಿ ಎಂದರು. ಸಾವಿರಾರು ಕೊಂಡಿಗಳು ಒಂದಕ್ಕೊಂದು ಗಟ್ಟಿಯಾಗಿ ಬೆಸೆದು ಆದ ಒಂದೇ ಉದ್ದನೆಯ ಅಣು. 1922ರಲ್ಲಿ ಅದಕ್ಕೆ ಬೃಹದಣು ಎಂಬರ್ಥದ ಹೆಸರಿಟ್ಟರು.

ಪುರಾವೆ ಬೇಕಲ್ಲ? ರಬ್ಬರಿನಲ್ಲಿ ಸಣ್ಣ ಅಣುಗಳನ್ನು ಹಿಡಿದಿಡುವ ಸೆಳೆತ ಅದರೊಳಗಿನ ಜೋಡಿ ಬೆಸುಗೆಗಳಿಂದ ಬರುತ್ತದೆ ಎಂಬುದು ಎದುರಾಳಿಗಳ ವಾದ. ಸ್ಟೌಡಿಂಗರ್ ರಬ್ಬರಿಗೆ ಹೈಡ್ರೋಜನ್ ಕೂಡಿಸಿ ಆ ಜೋಡಿ ಬೆಸುಗೆಗಳನ್ನೇ ಇಲ್ಲವಾಗಿಸಿದರು. ವಾದ ನಿಜವಾಗಿದ್ದರೆ ರಾಶಿ ಒಡೆದು, ಸಣ್ಣ ಅಣುಗಳು ಕಾಯಿಸಿದಾಗ ಆವಿಯಾಗಿ ಏಳಬೇಕಿತ್ತು. ಏಳಲಿಲ್ಲ. ವಸ್ತು ರಬ್ಬರಿನಂತೆಯೇ ಉಳಿಯಿತು.

ಎರಡನೆಯ ಪುರಾವೆ ನಿಮ್ಮ ಅಡಿಗೆ ಮನೆಯಲ್ಲೇ ಸಿಗುತ್ತದೆ. ಒಂದು ತಂಬಿಗೆ ನೀರಿಗೆ ಒಂದು ಹಿಡಿ ಸಕ್ಕರೆ ಹಾಕಿ ಕಾಯಿಸಿರಿ, ನೀರು ತೆಳ್ಳಗೇ ಇರುತ್ತದೆ. ಅಷ್ಟೇ ನೀರಿಗೆ ಒಂದು ಹಿಡಿ ಜೋಳದ ಹಿಟ್ಟು ಕದಡಿ ಕುದಿಸಿರಿ, ಅಂಬಲಿಯಾಗಿ ಗಟ್ಟಿಯಾಗುತ್ತದೆ. ಸಕ್ಕರೆಯ ಅಣು ಚಿಕ್ಕದು, ನೀರಿನ ಹರಿವಿಗೆ ಅಡ್ಡ ಬರುವುದಿಲ್ಲ. ಹಿಟ್ಟಿನ ಪಿಷ್ಟವೋ ಗ್ಲೂಕೋಸ್ ಕೊಂಡಿಗಳ ಉದ್ದನೆಯ ಸರ. ನೀರಿನಲ್ಲಿ ಹರಡಿ, ಸಿಕ್ಕುಗಟ್ಟಿ, ಹರಿವನ್ನು ತಡೆಯುತ್ತದೆ. ಸರ ಉದ್ದವಾದಷ್ಟೂ ದ್ರವ ಮಂದ. ದ್ರಾವಣವೊಂದು ಸಣ್ಣ ಗಾಜಿನ ಕೊಳವೆಯಲ್ಲಿ ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿ, ಅದರಿಂದ ಅಣುವಿನ ಉದ್ದವನ್ನು ಅಳೆಯುವ ನಿಯಮವನ್ನು ಸ್ಟೌಡಿಂಗರ್ ಕೊಟ್ಟರು. ಮುಂದಿನವರು ಅದನ್ನು ತಿದ್ದಿದರು, ಆದರೆ ದಾರಿ ತೋರಿದವರು ಇವರೇ.

ಇಷ್ಟಾದರೂ ಒಪ್ಪಿಗೆ ಸಿಗಲಿಲ್ಲ. ಮಿತ್ರರಾದ ಹೈನ್ರಿಖ್ ವೀಲಾಂಡ್, 1927ರ ನೊಬೆಲ್ ಬಹುಮಾನ ಪಡೆದ ದೊಡ್ಡ ವಿಜ್ಞಾನಿ, ಈ ಉದ್ದನೆಯ ಅಣುವಿನ ಗೊಡವೆ ಬಿಡುವಂತೆ, ರಬ್ಬರನ್ನು ಇನ್ನಷ್ಟು ಶುದ್ಧ ಮಾಡಿ ನೋಡುವಂತೆ ಸಲಹೆ ಕೊಟ್ಟರು. 1926ರಲ್ಲಿ ಡ್ಯುಸೆಲ್‌ಡಾರ್ಫ್ ನಗರದ ವಿಜ್ಞಾನಿಗಳ ಸಭೆಯಲ್ಲಿ ಅವರು ಬಹುಮಟ್ಟಿಗೆ ಒಂಟಿಯಾಗಿಯೇ ವಾದಿಸಿದರು. ಒಂದು ಮಾತು ಇಲ್ಲಿ ಹೇಳಬೇಕು. ಎದುರಾಳಿಗಳು ದಡ್ಡರಲ್ಲ, ಕೆಟ್ಟವರೂ ಅಲ್ಲ. ಶುದ್ಧವಾದ ವಸ್ತು ಎಂದರೆ ಹರಳುಗಟ್ಟಬೇಕು, ಅದರ ಅಣುಗಳೆಲ್ಲ ಒಂದೇ ಅಳತೆಯವಾಗಿರಬೇಕು ಎಂದು ಕಲಿತು ಬಂದವರು. ಒಂದೇ ವಸ್ತುವಿನಲ್ಲಿ ಗಿಡ್ಡ ಸರ, ಉದ್ದ ಸರ ಬೆರೆತಿರುತ್ತವೆ ಎಂಬುದು ಅವರಿಗೆ ಕೊಳಕು ಕೆಲಸದಂತೆ ಕಂಡಿತು.

ಅದೇ 1926ರಲ್ಲಿ ಸ್ಟೌಡಿಂಗರ್ ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯಕ್ಕೆ ಬಂದರು. ಕೈಯಲ್ಲಿದ್ದ ಬೇರೆ ಯಶಸ್ವಿ ಸಂಶೋಧನೆಗಳನ್ನೆಲ್ಲ ಬದಿಗಿಟ್ಟು ಇದೊಂದಕ್ಕೇ ನಿಂತರು. 1928ರಲ್ಲಿ ಮಾಗ್ದಾ ವೋಯ್ಟ್ ಎಂಬ ಸಸ್ಯವಿಜ್ಞಾನಿಯನ್ನು ಮದುವೆಯಾದರು. ಹುಡುಗತನದಲ್ಲಿ ಬಿಟ್ಟುಬಂದ ಸಸ್ಯಶಾಸ್ತ್ರ ಹೀಗೆ ಮನೆಗೇ ಬಂತೆನ್ನಿ. ಮಾಗ್ದಾ ಹೆಸರಿಗಷ್ಟೇ ಜೊತೆಯಾದವರಲ್ಲ. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕ ಹಿಡಿದು ಕುಳಿತವರು, ಗಂಡನೊಡನೆ ಲೇಖನ ಬರೆದವರು.

ಅದೇ ವರ್ಷ ಅಮೆರಿಕದ ಡ್ಯುಪಾಂಟ್ ಕಂಪನಿಗೆ ವಾಲೇಸ್ ಕ್ಯಾರೋದರ್ಸ್ ಎಂಬ ತರುಣ ಸೇರಿದರು. ಅವರು ಸರವನ್ನು ಕೊಂಡಿಗೆ ಕೊಂಡಿ ಸೇರಿಸಿ ಕೈಯಾರೆ ಕಟ್ಟಿ ತೋರಿಸಿದರು, 1935ರಲ್ಲಿ ನೈಲಾನ್ ಬಂತು. ಮೂವತ್ತರ ದಶಕ ನಡೆದಂತೆ ವಿರೋಧ ಕರಗಿತು. 1933ರಲ್ಲಿ ಇಂಗ್ಲೆಂಡಿನಲ್ಲಿ ಪಾಲಿಥೀನ್ ಕೂಡ ಸಿಕ್ಕಿತು, ಅದೂ ಆಕಸ್ಮಿಕವಾಗಿ. ನಿಮ್ಮ ಹನಿ ನೀರಾವರಿ ನಳಿಕೆ ಅದರ ಮೊಮ್ಮಗ.

ವಿಜ್ಞಾನದಲ್ಲಿ ಗೆದ್ದ ಹೊತ್ತಿಗೆ ರಾಜಕೀಯ ಬಾಗಿಲು ಬಡಿಯಿತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಫ್ರೈಬುರ್ಗಿನ ಕುಲಪತಿಯಾಗಿದ್ದವರು ತತ್ವಜ್ಞಾನಿ ಮಾರ್ಟಿನ್ ಹೈಡೆಗರ್. ಯುದ್ಧಕಾಲದ ಹಳೆಯ ಶಾಂತಿ ಬರಹವನ್ನು ಕೆದಕಿ, ಸ್ಟೌಡಿಂಗರರನ್ನು ಕೆಲಸದಿಂದ ತೆಗೆಯಬೇಕೆಂದು ಅವರೇ ಸರಕಾರಕ್ಕೆ ಬರೆದರು. ಪೊಲೀಸರ ವಿಚಾರಣೆಯಾಯಿತು, ರಾಜೀನಾಮೆ ಬರೆಸಿಕೊಂಡು ಇಟ್ಟುಕೊಂಡರು. ಕೊನೆಗೆ ಅದನ್ನು ಜಾರಿಗೆ ತರಲಿಲ್ಲ; ಆದರೆ ತಲೆಯ ಮೇಲೆ ಕತ್ತಿ ತೂಗುವಾಗ ಕೊಳವೆಯಲ್ಲಿ ದ್ರವ ಇಳಿಯುವ ಹೊತ್ತನ್ನು ಎಣಿಸುತ್ತ ಕೂಡುವುದು ಎಂಥ ಕಷ್ಟವೋ ನೀವೇ ಊಹಿಸಿರಿ. 1940ರಲ್ಲಿ ಬೃಹದಣು ಸಂಶೋಧನೆಗೆಂದೇ ಸಂಸ್ಥೆ ತೆರೆದರು. 1944ರ ನವೆಂಬರ್ 27ರ ವಿಮಾನದಾಳಿಯಲ್ಲಿ ಅದು ನೆಲಸಮವಾಯಿತು. ಯುದ್ಧ ಮುಗಿದ ಮೇಲೆ, ಅರುವತ್ತು ದಾಟಿದ ವಯಸ್ಸಿನಲ್ಲಿ, ಮತ್ತೆ ಕಟ್ಟಲು ತೊಡಗಿದರು. 1951ರಲ್ಲಿ ನಿವೃತ್ತರಾದರು. 1953ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂದಾಗ ಅವರಿಗೆ ಎಪ್ಪತ್ತೆರಡು ವರ್ಷ.

ಉದ್ದನೆಯ ಸರದ ಈ ಲೆಕ್ಕ ಗೊತ್ತಿದ್ದರೆ ಹೊಲದ ಕೆಲವು ಸಂಗತಿಗಳು ತಾವಾಗಿ ತಿಳಿಯುತ್ತವೆ. ಪೈಪಿನ ಗಟ್ಟಿತನ ಸರದ ಉದ್ದದಲ್ಲಿದೆ. ಬಿಸಿಲು ಆ ಸರವನ್ನು ಅಲ್ಲಲ್ಲಿ ಕತ್ತರಿಸುತ್ತದೆ, ಆಗ ಪೈಪು ಪೆಡಸಾಗಿ ಸೀಳುತ್ತದೆ. ಹನಿ ನಳಿಕೆ ಕಪ್ಪಾಗಿರುವುದು ಅಂದಕ್ಕಲ್ಲ, ಬಿಸಿಲನ್ನು ತಡೆಯಲೆಂದು ಅದಕ್ಕೆ ಇಂಗಾಲದ ಮಸಿ ಬೆರೆಸಿರುತ್ತಾರೆ. ಪಿ.ವಿ.ಸಿ. ಪೈಪನ್ನು ಹೂಳಿರಿ ಎನ್ನುವುದೂ ಇದಕ್ಕೇ. ತೊಗಲಿಗೆ ಅಳಲೆಕಾಯಿ, ಜಾಲಿ ತೊಗಟೆಯ ಒಗರು ಕೊಟ್ಟರೆ ಅದು ತೊಗಲಿನ ಸರಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಚಪ್ಪಲಿ ಕೊಳೆಯದೆ ಬಾಳುತ್ತದೆ. ಹತ್ತಿ ಕಟ್ಟಿಗೆ, ಕಬ್ಬಿನ ರವದಿ ಮಣ್ಣಿನಲ್ಲಿ ಕರಗುತ್ತವೆ, ಏಕೆಂದರೆ ಅವುಗಳ ಸರವನ್ನು ಬಿಡಿಸುವ ಜೀವಾಣುಗಳು ಎರೆ ಮಣ್ಣಿನಲ್ಲಿ ಧಾರಾಳವಾಗಿವೆ. ಪಾಲಿಥೀನ್ ಹೊದಿಕೆಯ ಹಾಳೆಗೆ ಅಂಥ ಜೀವಾಣುಗಳು ಸಾಲದು. ಬೆಳೆ ಮುಗಿದ ಮೇಲೆ ಹಾಳೆಯನ್ನು ಹರಿದುಹೋಗುವ ಮುನ್ನ ಸುತ್ತಿ ತೆಗೆಯಿರಿ. ಒಮ್ಮೆ ನೇಗಿಲಿಗೆ ಸಿಕ್ಕು ಚೂರಾದರೆ ಆರಿಸಿ ತೆಗೆಯುವುದು ಆಗದ ಮಾತು. ಪಿ.ವಿ.ಸಿ. ತುಂಡುಗಳನ್ನಂತೂ ಸುಡಬೇಡಿ, ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಏಳುತ್ತದೆ.

ಸ್ಟೌಡಿಂಗರ್ 1965ರ ಸೆಪ್ಟೆಂಬರ್ 8ರಂದು ಫ್ರೈಬುರ್ಗಿನಲ್ಲಿ ತೀರಿಕೊಂಡರು. ಮಾಗ್ದಾ 1997ರವರೆಗೆ ಬಾಳಿದರು.

ಅವರ ಎರಡು ಆಸಕ್ತಿಗಳು, ಗಿಡದಿಂದ ಬರುವ ಕೀಟನಾಶಕ ಮತ್ತು ಉದ್ದನೆಯ ಅಣು, ನಮ್ಮ ಧಾರವಾಡದಲ್ಲಿ ಒಂದಾದದ್ದನ್ನೂ ಹೇಳಬೇಕು. ಕರ್ನಾಟಕ ವಿಶ್ವವಿದ್ಯಾಲಯದ ಪಾಲಿಮರ್ ಸಂಶೋಧಕರು ಬೇವಿನ ಬೀಜದ ಎಣ್ಣೆಯನ್ನು, ಕಡಲ ಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಪಾಲಿಮರಿನ ಮಣಿಗಳೊಳಗೆ ತುಂಬಿ, 2000ದಲ್ಲಿ ಆ ಸಂಶೋಧನೆಯನ್ನು ಪ್ರಕಟಿಸಿದರು. ಮಣ್ಣಿಗೆ ಹಾಕಿದ ಔಷಧಿ ಒಮ್ಮೆಲೇ ಮುಗಿದುಹೋಗದೆ ನಿಧಾನವಾಗಿ ಹೊರಬರಲಿ ಎಂಬುದು ಉದ್ದೇಶ. ಆಲ್ಜಿನೇಟ್ ಸರಗಳನ್ನು ಒಂದಕ್ಕೊಂದು ಹೆಚ್ಚು ಬಿಗಿದಷ್ಟೂ ಎಣ್ಣೆ ತಡವಾಗಿ ಇಳಿಯುತ್ತದೆ.