ಜೆಫರ್ಸನ್ ಕೈಬಿಟ್ಟ ಪೋಲಿಷ್ ಗೆಳೆಯನ ಉಯಿಲು

2020ರ ಜೂನ್. ಜಾರ್ಜ್ ಫ್ಲಾಯ್ಡ್ ಹತ್ಯೆ ವಿರೋಧಿಸಿ ವಾಷಿಂಗ್ಟನ್ನಿನಲ್ಲಿ ಪ್ರತಿಭಟನೆ ನಡೀತಿತ್ತು. ಶ್ವೇತಭವನದ ಎದುರಿನ ಪಾರ್ಕಿನ ಒಂದು ಪ್ರತಿಮೆಯ ಪೀಠದ ಮೇಲೂ ಘೋಷಣೆ ಗೀಚಿದ್ದರು. ಯಾರೋ ಗುಲಾಮರ ಒಡೆಯನೇ ಇರಬೇಕು ಅಂದುಕೊಂಡು ಫೋಟೋ ದಾಟಿ ಮುಂದೆ ಹೋದೆ. ಹೆಸರು ಓದೋಕೂ ಕಷ್ಟ: ತದೇವುಷ್ ಕೊಶ್ಚುಷ್ಕೊ. ಆಮೇಲೆ ಆತನ ಬದುಕಿನ ಬಗ್ಗೆ ಓದಿದಾಗ ನನ್ನ ಅವಸರಕ್ಕೆ ನಾಚಿಕೆಯಾಯ್ತು.

ಇವತ್ತಿನ ಬೆಲಾರೂಸ್‌ನಲ್ಲಿರುವ, ಆಗ ಪೋಲೆಂಡ್-ಲಿಥುವೇನಿಯಾಕ್ಕೆ ಸೇರಿದ್ದ ಹಳ್ಳಿಯೊಂದರಲ್ಲಿ 1746ರಲ್ಲಿ ಹುಟ್ಟಿದವನು. ಸಣ್ಣ ಜಮೀನ್ದಾರರ ಮನೆತನ. 1776ರಲ್ಲಿ ಅಮೆರಿಕಕ್ಕೆ ಹೋಗಿ, ಬ್ರಿಟಿಷರ ವಿರುದ್ಧದ ಯುದ್ಧದಲ್ಲಿ ಸೇನಾ ಎಂಜಿನಿಯರ್ ಆದ. ಸಾರಟೋಗಾ, ವೆಸ್ಟ್ ಪಾಯಿಂಟ್‌ಗಳ ರಕ್ಷಣಾ ಕಾಮಗಾರಿ ಆತನದೇ. ಅಲ್ಲಿ ನಾಲ್ಕು ವರ್ಷ ಆತನ ಜೊತೆಗಿದ್ದ ಸಹಾಯಕ ಅಗ್ರಿಪ್ಪ ಹಲ್ ಎಂಬ ಕಪ್ಪು ಸೈನಿಕ.

ಊರಿಗೆ ಮರಳಿದವನು ತನ್ನ ಹೊಲದ ಜೀತದ ರೈತರ ಬಿಟ್ಟಿ ದುಡಿಮೆಯ ದಿನಗಳನ್ನು ಕಡಿಮೆ ಮಾಡಿದ. 1794ರಲ್ಲಿ ರಷ್ಯಾದ ವಿರುದ್ಧ ದಂಗೆಯೆದ್ದಾಗ ರೈತರು ಕುಡುಗೋಲು ಹಿಡಿದೇ ಆತನ ಹಿಂದೆ ಬಂದರು. ಮೇ ತಿಂಗಳಲ್ಲಿ, ರೈತರಿಗೆ ವೈಯಕ್ತಿಕ ಸ್ವಾತಂತ್ರ್ಯ ಉಂಟು ಅಂತ ಘೋಷಣೆ ಹೊರಡಿಸಿದ. ಜಮೀನ್ದಾರರು ಸುಮ್ಮನಿರ್ತಾರಾ? ಅನೇಕರು ಅದನ್ನು ಜಾರಿಯಾಗಲು ಬಿಡಲಿಲ್ಲ. ಅಕ್ಟೋಬರಿನಲ್ಲಿ ಗಾಯಗೊಂಡು ಸೆರೆಸಿಕ್ಕ. ಮರುವರ್ಷ ಪೋಲೆಂಡ್ ದೇಶವೇ ಭೂಪಟದಿಂದ ಅಳಿಸಿಹೋಯ್ತು.

ಬಿಡುಗಡೆಯಾಗಿ 1797ರಲ್ಲಿ ಮತ್ತೆ ಅಮೆರಿಕಕ್ಕೆ ಬಂದಾಗ, ಸೇನೆಯ ಬಾಕಿ ಸಂಬಳವಾಗಿ ದೊಡ್ಡ ಮೊತ್ತ ಸಿಕ್ಕಿತು. 1798ರಲ್ಲಿ ಯುರೋಪಿಗೆ ಹೊರಡುವ ಮುಂಚೆ ಒಂದು ಉಯಿಲು ಬರೆದ. ತನ್ನ ಅಮೆರಿಕದ ಹಣದಿಂದ ಗುಲಾಮರನ್ನು ಕೊಂಡು ಬಿಡುಗಡೆ ಮಾಡಬೇಕು, ಅವರಿಗೆ ಕಸುಬು ಕಲಿಸಬೇಕು. ಇದನ್ನು ಜಾರಿ ಮಾಡಬೇಕಾದವನು ಗೆಳೆಯ ಥಾಮಸ್ ಜೆಫರ್ಸನ್. ಬೇಕಿದ್ದರೆ ಜೆಫರ್ಸನ್‌ನ ಗುಲಾಮರನ್ನೇ ಕೊಳ್ಳಬಹುದು ಅಂತಲೂ ಬರೆದಿದ್ದ! ಮನುಷ್ಯರೆಲ್ಲ ಸಮಾನರು ಅಂತ ಬರೆದವನ ಮುಂದೆ ಇದಕ್ಕಿಂತ ನೇರವಾದ ಪ್ರಶ್ನೆ ಇಡೋಕೆ ಸಾಧ್ಯವಾ?

1817ರಲ್ಲಿ ಕೊಶ್ಚುಷ್ಕೊ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡ. ಜೆಫರ್ಸನ್ ವಯಸ್ಸಾಯ್ತು ಅಂತ ಜವಾಬ್ದಾರಿಯಿಂದ ಹಿಂದೆ ಸರಿದ. ಯುರೋಪಿನಲ್ಲಿ ಬರೆದ ಬೇರೆ ಉಯಿಲುಗಳಿಂದ ಗೊಂದಲ ಇತ್ತು, ನಿಜ. ಆದರೂ ಆತ ಪ್ರಯತ್ನವನ್ನೇ ಮಾಡಲಿಲ್ಲ ಅನ್ನೋದು ನನಗೆ ಕ್ಷಮಿಸೋಕಾಗದ ಮಾತು. ಜೆಫರ್ಸನ್ ಸತ್ತ ಮೇಲೆ, 1827ರ ಜನವರಿಯಲ್ಲಿ, ಆತನ ಸಾಲ ತೀರಿಸಲು 130 ಗುಲಾಮರನ್ನು ಹರಾಜಿಗಿಟ್ಟರು. 1852ರಲ್ಲಿ ಸುಪ್ರೀಂ ಕೋರ್ಟ್ ಕೊಶ್ಚುಷ್ಕೊನ ಹಣ ಯುರೋಪಿನ ಸಂಬಂಧಿಕರದ್ದು ಎಂದಿತು. ಆ ಉಯಿಲಿನಿಂದ ಒಬ್ಬ ಗುಲಾಮನೂ ಬಿಡುಗಡೆಯಾಗಲಿಲ್ಲ.

ಅಷ್ಟರಲ್ಲಿ ದೇಶವಿಲ್ಲದ ಪೋಲಿಷರು ಲೋಕವೆಲ್ಲ ಚದುರುತ್ತಾ, ಆತನ ಹೆಸರನ್ನೂ ಹೊತ್ತೊಯ್ದಿದ್ದರು. 1840ರಲ್ಲಿ ಪೋಲಿಷ್ ಅನ್ವೇಷಕ ಸ್ತ್ಶೆಲೆಟ್ಸ್ಕಿ ಆಸ್ಟ್ರೇಲಿಯಾದ ಪರ್ವತಕ್ಕೆ ಆ ಹೆಸರಿಟ್ಟ. ಗಣಿ, ಕಸಾಯಿಖಾನೆ, ಉಕ್ಕಿನ ಕಾರ್ಖಾನೆಗಳಲ್ಲಿ ದುಡಿಯುತ್ತಾ ಅವಮಾನ ಉಣ್ಣುತ್ತಿದ್ದ ಅಮೆರಿಕದ ಪೋಲಿಷರು, ಈ ದೇಶ ಕಟ್ಟಿದವರಲ್ಲಿ ನಾವೂ ಇದ್ದೇವೆ ಎಂದು ತೋರಿಸಲು 1910ರಲ್ಲಿ ವಾಷಿಂಗ್ಟನ್ನಿನ ಆ ಪ್ರತಿಮೆ ಕೊಟ್ಟರು. ಅವರಲ್ಲಿ ಅನೇಕರ ಅಜ್ಜಂದಿರೇ ಜೀತದಾಳುಗಳು. ರಷ್ಯಾದ ಹಿಡಿತದಲ್ಲಿದ್ದ ಪೋಲೆಂಡಿನ ರೈತರಿಗೆ ಉತ್ತ ನೆಲ ಸಿಕ್ಕಿದ್ದು 1864ರಲ್ಲಿ. ಅವರು ನಿಲ್ಲಿಸಿದ್ದು ಸಮವಸ್ತ್ರದ ಸೇನಾನಿಯನ್ನು. ನಾನಾಗಿದ್ದರೆ ಆತನ ಕೈಗೆ ಉಯಿಲು ಕೊಡುತ್ತಿದ್ದೆ.

ಗುಲಾಮಗಿರಿಯ ಗಟ್ಟಿ ನೆಲವಾಗಿದ್ದ ಮಿಸಿಸಿಪ್ಪಿಯಲ್ಲೂ ಆತನ ಹೆಸರಿನ ಒಂದು ಊರಿದೆ.