ಶ್ವೇತಕುಬ್ಜಗಳ ಎಲ್ಲೆಯನ್ನು ಕಂಡ ಚಂದ್ರಶೇಖರರು

ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ತೆರಳುವ ಪರಸೆಯ ಜನರಿಗೆ ರಾತ್ರಿ ತೆಂಕಣ ಬಾನಿನಲ್ಲಿ ಉಜ್ಜ್ವಲವಾದ ತಾರೆಯೊಂದು ಕಾಣುತ್ತದೆ. ಅದು ಲುಬ್ಧಕ. ಬರಿಗಣ್ಣಿಗೆ ಕಾಣದ ಸಂಗಾತಿಯೊಂದು ಅದಕ್ಕಿದೆ. ಗಾತ್ರದಲ್ಲಿ ಭೂಮಿಯಷ್ಟು, ತೂಕದಲ್ಲಿ ಸೂರ್ಯನಷ್ಟು. ಒಡಲಿನ ಇಂಧನ ತೀರಿ ಕುಗ್ಗಿದ ಇಂಥ ತಾರೆಗಳನ್ನು ಶ್ವೇತಕುಬ್ಜಗಳೆನ್ನುತ್ತಾರೆ. ಇವುಗಳ ತೂಕಕ್ಕೊಂದು ಮೇರೆಯುಂಟೆಂದು ತೋರಿಸಿಕೊಟ್ಟವರು ಸುಬ್ರಹ್ಮಣ್ಯನ್ ಚಂದ್ರಶೇಖರರು.

ಅವರು ಜನಿಸಿದ್ದು 1910ರ ಅಕ್ಟೋಬರ್ 19ರಂದು, ಲಾಹೋರಿನಲ್ಲಿ. ತಂದೆ ರೈಲ್ವೆ ಲೆಕ್ಕಪತ್ರ ಇಲಾಖೆಯ ಅಧಿಕಾರಿ, ಸರ್ ಸಿ. ವಿ. ರಾಮನ್ನರ ಅಣ್ಣ. ತಾಯಿ ಸೀತಾಲಕ್ಷ್ಮಿಯವರು ಇಬ್ಸೆನ್ನನ ನಾಟಕವನ್ನು ತಮಿಳಿಗೆ ತಂದ ವಿದುಷಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದು ಮುಗಿಸಿ, 1930ರಲ್ಲಿ, ಹಾಸಿಗೆ ಹಿಡಿದಿದ್ದ ತಾಯಿಯ ಒತ್ತಾಯದಿಂದಲೇ ಅವರು ಕೇಂಬ್ರಿಜ್ಜಿಗೆ ಹೊರಟರು. ಮರುವರ್ಷ ಆ ತಾಯಿ ತೀರಿಕೊಂಡರು. ಮಗ ಮತ್ತೆ ಅವರ ಮುಖ ಕಾಣಲಿಲ್ಲ.

ಹಡಗಿನ ಮೇಲೆ ಆರಂಭವಾದ ಗಣಿತ ಮುಂದೆ ಪರಿಷ್ಕಾರಗೊಂಡು, ಸೂರ್ಯನ ಸುಮಾರು 1.4ರಷ್ಟು ತೂಕವನ್ನು ಮೀರಿದ ಶ್ವೇತಕುಬ್ಜವು ತನ್ನ ಭಾರವನ್ನು ತಾನೇ ತಾಳಲಾರದೆಂಬ ನಿರ್ಣಯಕ್ಕೆ ಬಂದಿತು. ಖಗೋಳವಿಜ್ಞಾನಿಗಳಲ್ಲಿ ಅಗ್ರಗಣ್ಯರಾಗಿದ್ದ ಎಡಿಂಗ್ಟನ್ನರು ಈ ತರುಣನ ಕೊಠಡಿಗೆ ಮತ್ತೆ ಮತ್ತೆ ಬಂದು ಲೆಕ್ಕದ ಪ್ರಗತಿಯನ್ನು ವಿಚಾರಿಸುತ್ತಿದ್ದರು. ತಮ್ಮ ಭಿನ್ನಾಭಿಪ್ರಾಯವನ್ನು ಮಾತ್ರ ತಿಳಿಸಲಿಲ್ಲ. 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಖಗೋಳ ಸಂಘದಲ್ಲಿ ಚಂದ್ರಶೇಖರರು ಪ್ರಬಂಧ ಮಂಡಿಸಿ ಕುಳಿತೊಡನೆ ಎಡಿಂಗ್ಟನ್ನರು ಎದ್ದು ಅದನ್ನು ಅಲ್ಲಗಳೆದರು. ಸಭೆ ನಕ್ಕಿತು. ಹಿರಿಯರಿಗೆ ಒಪ್ಪುವ ನಡೆ ಇದಲ್ಲ. ಲೆಕ್ಕ ಸರಿಯೆಂದು ಬಲ್ಲ ಭೌತವಿಜ್ಞಾನಿಗಳೂ ಬಹಿರಂಗವಾಗಿ ಬಾಯಿ ತೆರೆಯದಿದ್ದುದು ಇನ್ನೂ ದೊಡ್ಡ ನೋವು.

ಚಂದ್ರಶೇಖರರು ಕಲಹಕ್ಕಿಳಿಯಲಿಲ್ಲ. 1936ರಲ್ಲಿ, ಬೆಂಗಳೂರಿನಲ್ಲಿ ರಾಮನ್ನರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಲಲಿತಾ ಅವರನ್ನು ವರಿಸಿ, 1937ರ ಜನವರಿಯಲ್ಲಿ ಅಮೆರಿಕೆಯ ಷಿಕಾಗೋ ವಿಶ್ವವಿದ್ಯಾಲಯವನ್ನು ಸೇರಿದರು. 1939ರಲ್ಲಿ ತಮ್ಮ ಸಿದ್ಧಾಂತವನ್ನೆಲ್ಲ ಒಂದು ಗ್ರಂಥದಲ್ಲಿ ಅಳವಡಿಸಿ, ಆ ವಿಷಯವನ್ನು ಬದಿಗಿಟ್ಟರು. 1944ರಲ್ಲಿ ಎಡಿಂಗ್ಟನ್ನರು ನಿಧನರಾದಾಗ ಅವರನ್ನು ಮನಃಪೂರ್ವಕವಾಗಿ ಶ್ಲಾಘಿಸಿದರು. ನೊಬೆಲ್ ಪಾರಿತೋಷಕ ಬಂದದ್ದು 1983ರಲ್ಲಿ; ಸಭೆ ನಕ್ಕು ನಲವತ್ತೆಂಟು ವರ್ಷಗಳ ಮೇಲೆ.

ಇನ್ನೊಂದು ಕೆಲಸ ಅಷ್ಟಾಗಿ ಪ್ರಸಿದ್ಧವಲ್ಲ. 1953ರಲ್ಲಿ ಫರ್ಮಿಯವರೊಡನೆ, ನಕ್ಷತ್ರವೊಂದು ಸಿಡಿದು ಚದುರದೆ ಎಷ್ಟು ಕಾಂತಶಕ್ತಿಯನ್ನು ಒಡಲಲ್ಲಿಟ್ಟುಕೊಳ್ಳಬಲ್ಲುದೆಂಬುದನ್ನು ಅವರು ವಿವೇಚಿಸಿದರು. 1976ರಲ್ಲಿ ಹರ್ಕ್ಯುಲಿಸ್ ರಾಶಿಯ ಎ.ಎಂ. ಎಂಬ ಅವಳಿಯಲ್ಲಿ ಪ್ರಬಲ ಕಾಂತತ್ವವುಳ್ಳ ಶ್ವೇತಕುಬ್ಜವಿರುವುದು ಗೊತ್ತಾಯಿತು. ಅದರ ಕಾಂತಬಲ ಭೂಮಿಯದಕ್ಕಿಂತ ಕೋಟಿಗೂ ಮಿಕ್ಕ ಪಟ್ಟು. ಜೋಡಿ ಪರಸ್ಪರ ಸುತ್ತಲು ಬೇಕಾದುದು ಮೂರು ಗಂಟೆಗಳಷ್ಟೇ. ಸಂಗಾತಿಯಿಂದ ಸುರಿಯುವ ಅನಿಲ, ಕಾಲುವೆಗೆ ಕಟ್ಟಿದ ನೀರಿನಂತೆ, ಕಾಂತರೇಖೆಗಳ ದಾರಿ ಹಿಡಿದು ಧ್ರುವಗಳ ಮೇಲೆ ಬಿದ್ದು ಎಕ್ಸ್-ಕಿರಣಗಳನ್ನು ಸೂಸುತ್ತದೆ. ಹೀಗೆ ಪರರ ಸೊತ್ತಿನಿಂದ ಬೆಳೆಯುವ ಕುಬ್ಜಗಳಿಗೂ ಚಂದ್ರಶೇಖರರ ಮೇರೆಯೇ ಅಳತೆಗೋಲು. ಅದನ್ನು ಸಮೀಪಿಸಿದುದು ಆಸ್ಫೋಟಿಸಬಹುದು.

ಚಂದ್ರಶೇಖರರು 1995ರ ಆಗಸ್ಟ್ 21ರಂದು ಷಿಕಾಗೋದಲ್ಲಿ ಕಾಲವಾದರು. 2013ರಲ್ಲಿ, ಲಲಿತಾ ಅವರು ದುಡಿದಿದ್ದ ಬೆಂಗಳೂರಿನ ಅದೇ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು, ಅತಿಪ್ರಬಲ ಕಾಂತಕ್ಷೇತ್ರವಿದ್ದರೆ ಆ ಮೇರೆ 2.58ರವರೆಗೂ ಏರಬಹುದೆಂದು ಪ್ರತಿಪಾದಿಸಿದರು. ಅಷ್ಟು ಕಾಂತಬಲವನ್ನು ಕುಬ್ಜವೊಂದು ತಾಳೀತೇ ಎಂದು ಇತರ ವಿದ್ವಾಂಸರು ಆಕ್ಷೇಪಿಸಿದ್ದಾರೆ.