ಲೈಬ್‌ನಿಟ್ಸ್: ಬಿಂದು ಮತ್ತು ಅಲ್ಪವಿರಾಮ

ಗಾಟ್‌ಫ್ರೀಡ್ ವಿಲ್‌ಹೆಲ್ಮ್ ಲೈಬ್‌ನಿಟ್ಸ್ 1646ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಜನಿಸಿದನು. ಭಾಷಾಭೇದವನ್ನು ಮೀರಿ ಎಲ್ಲರೂ ಒಂದೇ ಬಗೆಯಲ್ಲಿ ಗ್ರಹಿಸಬಲ್ಲ ಚಿಹ್ನಾವ್ಯವಸ್ಥೆಯೊಂದನ್ನು ರೂಪಿಸಬೇಕೆಂಬುದು ಈತನ ಜೀವಮಾನದ ಹಂಬಲವಾಗಿತ್ತು. 1676ರಿಂದ ಹ್ಯಾನೋವರ್ ಆಸ್ಥಾನದ ಸೇವೆಯಲ್ಲಿದ್ದ ಈತ 1684ರಲ್ಲಿ ಕಲನಶಾಸ್ತ್ರವನ್ನು ಕುರಿತ ಲೇಖನವನ್ನು ಪ್ರಕಟಿಸಿದನು. ಅದರಲ್ಲಿ ಬಳಸಿದ ಸಂಕೇತಗಳು ಇಂದಿಗೂ ರೂಢಿಯಲ್ಲಿವೆ.

ಇಂಗ್ಲೆಂಡಿನ ಔಟ್ರೆಡ್ 1631ರಲ್ಲಿ ಬಳಸಿದ್ದ × ಎಂಬ ಗುಣಾಕಾರ ಚಿಹ್ನೆಯು ಅವ್ಯಕ್ತ ರಾಶಿಯನ್ನು ಸೂಚಿಸುವ ರೋಮನ್ ಅಕ್ಷರವನ್ನು ಹೋಲುತ್ತಿತ್ತು. ಈ ಗೊಂದಲವನ್ನು ನಿವಾರಿಸಲು ಲೈಬ್‌ನಿಟ್ಸ್ 1698ರಲ್ಲಿ ಯೊಹಾನ್ ಬರ್ನೂಲಿಗೆ ಬರೆದ ಪತ್ರದಲ್ಲಿ ಬಿಂದುವನ್ನು ಸೂಚಿಸಿದನು. ಬಿಂದುವು ಗುಣಾಕಾರಕ್ಕೆ ಸಂದುದರಿಂದ ಯುರೋಪ್ ಖಂಡದಲ್ಲಿ ದಶಮಾಂಶಕ್ಕೆ ಅಲ್ಪವಿರಾಮವು ನೆಲೆಗೊಳ್ಳಲು ಅನುಕೂಲವಾಯಿತು. ಇಂಗ್ಲೆಂಡು ದಶಮಾಂಶ ಬಿಂದುವನ್ನೇ ಉಳಿಸಿಕೊಂಡಿತು; ಇಂಗ್ಲಿಷ್ ಶಿಕ್ಷಣದ ಮೂಲಕ ಕನ್ನಡದ ಗಣಿತ ಪಠ್ಯಗಳಿಗೂ ಅದೇ ಬಂದಿತು. ಹೀಗಾಗಿ 1.234 ಎಂಬ ಬರಹವು ಕನ್ನಡ ಓದುಗನಿಗೆ ಒಂದಕ್ಕಿಂತ ತುಸು ಹೆಚ್ಚಿನ ಸಂಖ್ಯೆ. ಜರ್ಮನ್ ಓದುಗನಿಗೆ ಸಾವಿರದ ಇನ್ನೂರ ಮೂವತ್ತನಾಲ್ಕು.

ಲೈಬ್‌ನಿಟ್ಸ್ 1716ರ ನವೆಂಬರ್ 14ರಂದು ಹ್ಯಾನೋವರಿನಲ್ಲಿ ನಿಧನನಾದನು. 2003ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಮ್ಮೇಳನವು ಬಿಂದು, ಅಲ್ಪವಿರಾಮಗಳೆರಡನ್ನೂ ದಶಮಾಂಶ ಚಿಹ್ನೆಗಳೆಂದು ಮಾನ್ಯಮಾಡಿತು. ಚಿಹ್ನೆಗಳ ಏಕತೆಯನ್ನು ಬಯಸಿದವನ ಸಲಹೆಯೇ ಪ್ರಾದೇಶಿಕ ಭೇದದ ಕಾರಣಗಳಲ್ಲಿ ಒಂದಾಯಿತು. ಬರಹದ ಚಿಹ್ನೆಗೆ ಅರ್ಥ ಒದಗುವುದು ತರ್ಕದಿಂದಷ್ಟೇ ಅಲ್ಲ, ಬಳಸುವ ಸಮುದಾಯದ ರೂಢಿಯಿಂದಲೂ ಎಂಬುದನ್ನು ಈತನ ಜೀವನವು ಮನಗಾಣಿಸುತ್ತದೆ.